ವಿಟ್ಲದ ಡಾಕ್ಟರ ಉತ್ತರ ಬರಲಿ

ಗಂಡನ ಎಡಗಾಲಿನ ಹೆಬ್ಬೆರಳು ಕಪ್ಪಾಗುತ್ತಾ ಬಂದದ್ದನ್ನು ಹಲೀಮತ್ ದಿನಾ ನೋಡುತ್ತಿದ್ದಳು. ಆಸ್ಪತ್ರೆಗೆ ಹೋಗುವ ಎಂದು ದಿನಾ ಹೇಳುತ್ತಿದ್ದಳು. ಡಾಕ್ಟರ್ ಕೂಸಪ್ಪನವರ ಉತ್ತರ ಬರಲಿ ಎಂದು ಮೊಹಿದ್ದೀನ್ ದಿನಾ ಹೇಳುತ್ತಿದ್ದ. ಆಸ್ಪತ್ರೆ ಇದ್ದದ್ದು ಸೌದಿಯ ಹುಫೂಫಿನಲ್ಲೇ, ಅವರ ಮನೆಯಿಂದ ಎರಡು ಸಿಗ್ನಲ್ ಆಚೆ. ಡಾಕ್ಟರ್ ಕೂಸಪ್ಪನವರು ಇದ್ದದ್ದು ಊರಿನಲ್ಲಿ, ವಿಟ್ಲದಲ್ಲಿ. ಇನ್ಶೂರೆನ್ಸ್ ಕಾರ್ಡು ಮೊಹಿದ್ದೀನನ ಕಿಸೆಯಲ್ಲೇ ಬೆಚ್ಚಗೆ ಮಲಗಿತ್ತು.

ಈ ಕಾಗದದ ಹುಚ್ಚು ಹಳೆಯದು. ಮೊಹಿದ್ದೀನ್ ಮೀಸೆ ಚಿಗುರುವ ವಯಸ್ಸಿನಲ್ಲೇ ಹುಫೂಫ್ ಸೇರಿದ ಅಲ್ ಅಹ್ಸಾ ಸೀಮೆಗೆ ಬಂದವನು. ಹೊಟ್ಟೆನೋವು ಎಂದು ಅರಬಿಯಲ್ಲಿ ಹೇಳಲು ಆಗ ಅವನಿಗೂ ಬರುತ್ತಿರಲಿಲ್ಲ, ಅವನ ರೂಮಿನವರಿಗೂ ಬರುತ್ತಿರಲಿಲ್ಲ. ಹಾಗಾಗಿ ಕಾಯಿಲೆಗಳೆಲ್ಲ ಏರ್‌ಮೇಲ್ ಲಕೋಟೆಯಲ್ಲಿ ಕೂತು ವಿಟ್ಲಕ್ಕೆ ಹೋಗುತ್ತಿದ್ದವು. ಉತ್ತರ ಬರುವಷ್ಟರಲ್ಲಿ ಜ್ವರ ಬಿಟ್ಟು ಕೆಮ್ಮು ಹಿಡಿದಿರುತ್ತಿತ್ತು. ಆದರೂ ಅದನ್ನು ರೂಮಿನಲ್ಲಿ ಗಟ್ಟಿಯಾಗಿ ಓದಲೇಬೇಕು. ಡಾಕ್ಟರು ಒಬ್ಬನಿಗೆ ಬಿಸಿನೀರು ಕುಡಿ ಎಂದು ಬರೆದರೆ ರೂಮಿಗೆ ರೂಮೇ ಬಿಸಿನೀರು ಕುಡಿಯುತ್ತಿತ್ತು. ಕ್ರಮೇಣ ಎಲ್ಲರೂ ತಮ್ಮ ತಮ್ಮ ಗೋಳನ್ನು ಅದೇ ಕಾಗದಕ್ಕೆ ಸೇರಿಸತೊಡಗಿದರು. ಹಿರಿಯರಿಗೆ ಬರೆಯುವಾಗ ಸ್ವಂತ ಸಂಕಟ ಮೊದಲು ಹೇಳಿಕೊಳ್ಳುವುದು ಮರ್ಯಾದೆಯಲ್ಲ ಎಂದು ಮೊಹಿದ್ದೀನ್ ಉಳಿದವರದ್ದನ್ನೆಲ್ಲ ಮೇಲೆ ಬರೆದು, ಜಾಗ ಉಳಿದರೆ ಅಡಿಯಲ್ಲಿ ತನ್ನದನ್ನು ಬರೆಯುತ್ತಿದ್ದ.

ಈಗ ರೂಮು ಹೋಗಿ ಮನೆಯಾಗಿದೆ. ಮಕ್ಕಳ ಮದುವೆ ಮುಗಿಸಿ ಹಲೀಮತ್ ಬಂದು ಸೇರಿಕೊಂಡಿದ್ದಾಳೆ. ಮೊಹಿದ್ದೀನ್ ವೀಸಾ ಕೊಟ್ಟ ಅರಬಿ ಧಣಿಯ, ಅಂದರೆ ಕಫೀಲನ, ಖರ್ಜೂರದ ಅಂಗಡಿಯಲ್ಲಿ ದೊಡ್ಡ ಸೇಲ್ಸ್‌ಮ್ಯಾನ್. ಬಂದ ಗಿರಾಕಿಯ ಜೊತೆ ತಾನೂ ಒಂದು ಬಾಯಿಗೆ ಹಾಕಿಕೊಳ್ಳದಿದ್ದರೆ ವ್ಯಾಪಾರ ಆಗುವುದಿಲ್ಲ ಎಂಬುದು ಅವನ ವಾದ. ಶುಗರಿನವನಿಗೆ ಎಂಥ ಕೆಲಸ ನೋಡಿ! ಕಾಲಿಗೆ ಮೊಳೆ ಚುಚ್ಚಿದ್ದು ಕೂಡ ಅವನಿಗೆ ಗೊತ್ತಾಗಲಿಲ್ಲ. ಸಂಜೆ ಚಪ್ಪಲಿಯಲ್ಲಿ ರಕ್ತ ಕಂಡು ಕಿರುಚಿದವಳು ಹಲೀಮತ್.

"ಡಾಕ್ಟ್ರಿಗೆ ಬರೀತೇನೆ," ಎಂದ ಮೊಹಿದ್ದೀನ್.

"ಈಗಿನ ಕಾಲದಲ್ಲಿ ಕಾಗದ ಎಂತಕ್ಕೆ? ಡಾಕ್ಟ್ರಿಗೆ ಕಿವಿ ಕೇಳುದಿಲ್ಲ, ಸರಿ. ಅವರ ಸೊಸೆಯ ವಾಟ್ಸಾಪಿಗೆ ಒಂದು ಫೋಟೋ ಹಾಕಿ. ಸಂಜೆಯೊಳಗೆ ಉತ್ತರ ಬರ್ತದೆ."

"ಎಂತ ಮಾತಾಡ್ತಿ ನೀನು? ಡಾಕ್ಟ್ರ ಸೊಸೆಗೆ ನನ್ನ ಕಾಲು ತೋರಿಸುದಾ?"

ಹಲೀಮತ್ ಹಣೆ ಹಣೆ ಚಚ್ಚಿಕೊಂಡಳು. ಕಾಗದ ಹೋದದ್ದು ಪಕ್ಕದ ಬಿಲ್ಡಿಂಗಿನ ಫವಾಝನ ಕೈಯಲ್ಲಿ. ಅವನು ರಜೆಯಲ್ಲಿ ಊರಿಗೆ ಹೊರಟಿದ್ದ. ಹೋದವನು ತಂಗಿಯ ಮದುವೆ ಮುಗಿಸಿ, ನೆಂಟರ ಮನೆಗಳನ್ನೆಲ್ಲ ತಿರುಗಿ, ಕೊನೆಗೆ ಪುರುಸೊತ್ತಾದಾಗ ವಿಟ್ಲಕ್ಕೆ ಹೋದನಂತೆ. ಅಷ್ಟು ದಿನವೂ ಹಲೀಮತ್ ಗಾಯ ತೊಳೆದಳು, ಬಟ್ಟೆ ಕಟ್ಟಿದಳು, ಬೈದಳು, ದುವಾ ಮಾಡಿದಳು, ಮತ್ತೆ ಬೈದಳು. ಗಾಯದಿಂದ ವಾಸನೆ ಬರಲು ಶುರುವಾದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಕಾಲೇ ಹೋದರೆ ಎಂಬ ಯೋಚನೆ ಅವಳನ್ನು ಮಲಗಲು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ.

ಕೊನೆಗೂ ಒಂದು ಶುಕ್ರವಾರ ಜುಮಾ ಮುಗಿಸಿಕೊಂಡು ಫವಾಝ್ ಬಂದ. ಒಂದು ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಇನ್ನೊಂದರಲ್ಲಿ ಉತ್ತರ. ಹಳೆಯ ರೂಮಿನ ಗೆಳೆಯ ಝುಹೈರನೂ ಹಾಜರಾದ, ಏಕೆಂದರೆ ಅವನ ಸೊಂಟನೋವೂ ಆ ಕಾಗದದಲ್ಲಿ ಪ್ರಯಾಣ ಮಾಡಿತ್ತು. ಹಲೀಮತ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮೊಹಿದ್ದೀನ್ ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಮದುವೆಯ ಕರೆಯೋಲೆ ಓದುವವನ ಗತ್ತಿನಲ್ಲಿ ಓದತೊಡಗಿದ.

ಝುಹೈರ್ ಮೆತ್ತನೆಯ ಹಾಸಿಗೆ ಬಿಡಬೇಕು, ಭಾರ ಎತ್ತಬಾರದು. ಫವಾಝನ ಎದೆಯುರಿಗೆ ಕಾರಣ ಅರಬಿಗಳ 'ಮಂದಿ' ಬಿರಿಯಾನಿ, ತಿಂದ ಕೂಡಲೇ ಮಲಗುವುದು ಬೇಡ. ಅಂಗಡಿಯ ಕಫೀಲನ ತಾಯಿಯ ಮಂಡಿನೋವಿಗೂ ಅರ್ಧ ಪುಟ ಇತ್ತು. ಕೊನೆಗೆ, "ನಿಮ್ಮ ಆರೋಗ್ಯ ಉತ್ತಮವಾಗಿದೆ ಎಂದೂ ಖರ್ಜೂರ ಬಾಯಿಗೆ ಹಾಕುವುದಿಲ್ಲ ಎಂದೂ ತಿಳಿದು ಬಹಳ ಸಂತೋಷವಾಯಿತು" ಎಂದು ಓದಿ ಮೊಹಿದ್ದೀನ್ ಕಾಗದ ಮಡಚಿದ.

"ಕಾಲಿನ ವಿಷಯ?" ಎಂದಳು ಹಲೀಮತ್.

"ಅದು ಬರೀಲಿಲ್ಲ ಅವರು."

"ಯಾಕೆ ಬರೀಲಿಲ್ಲ?"

ಮೊಹಿದ್ದೀನ್ ಕನ್ನಡಕ ತೆಗೆದ. "ನಾನು ಕೇಳಿದ್ರಲ್ವಾ ಅವರು ಬರಿಯುದು?"

ಹಲೀಮತ್ ಬಾಗಿಲು ಬಿಟ್ಟು ಮುಂದೆ ಬಂದಳು. ಇಷ್ಟು ದಿನ ಕಾದದ್ದು ಕೇಳದ ಪ್ರಶ್ನೆಯ ಉತ್ತರಕ್ಕೆ! ಕಪ್ಪಾದ ಬೆರಳನ್ನು ಮುಂದೆ ಚಾಚಿ ಕೂತು, ಕಂಡವರ ತಾಯಿಯ ಮಂಡಿಗೆ ಮದ್ದು ಕೇಳಿ ಬರೆದ ಗಂಡಸನ್ನು ಏನು ಮಾಡಬೇಕು?

"ಖರ್ಜೂರ ಬಿಟ್ಟಿದ್ದೇನೆ ಅಂತ ಹಿಂದೆಯೇ ಬರೆದಿದ್ದೆ, ಈ ಸಲವೂ ಬರೆದೆ," ಎಂದ ಅವನು ತಗ್ಗಿದ ದನಿಯಲ್ಲಿ. "ಈಗ ಕಾಲು ಅಂದ್ರೆ ಅದು ಸುಳ್ಳು ಅಂತ ಅವರಿಗೆ ಗೊತ್ತಾಗ್ತದಲ್ಲ. ಪ್ರಾಯ ಎಂಬತ್ತು ದಾಟಿದೆ ಅವರಿಗೆ. ಕೇಳಿದ್ರೆ ನಿದ್ದೆ ಮಾಡ್ಲಿಕ್ಕಿಲ್ಲ."

"ನಾನು ನಿದ್ದೆ ಮಾಡ್ತೇನಾ?" ಹಲೀಮತ್ ಕೂಗಿದ ಕೂಗಿಗೆ ಫವಾಝ್ ಎದ್ದು ನಿಂತ. "ಆ ವಾಸನೆ ಹೊತ್ತುಕೊಂಡು ಪಕ್ಕದಲ್ಲಿ ಮಲಗುದು ಯಾರು? ಡಾಕ್ಟ್ರಾ? ಝುಹೈರಾಕ, ಕಾರು ತೆಗೀರಿ. ಇವರು ಬರದಿದ್ರೆ ಎತ್ತಿ ಹಾಕಿ!"

"ಭಾರ ಎತ್ತಬಾರದು ಅಂತ ಈಗಷ್ಟೇ," ಎಂದು ಶುರುಮಾಡಿದ ಝುಹೈರ್ ಅವಳ ಮುಖ ನೋಡಿ ಬೀಗದ ಕೈ ಹುಡುಕಿದ.

ಆಸ್ಪತ್ರೆಯಲ್ಲಿ ಈಜಿಪ್ಟಿನ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, ಇದು ಯಾವಾಗಿನಿಂದ ಎಂದು ಅರಬಿಯಲ್ಲಿ ಕೇಳಿದರು. "ಯೌಮೇನ್," ಎಂದ ಮೊಹಿದ್ದೀನ್. ಎರಡು ದಿನ! ಹಲೀಮತ್ ಕಲಿತ ಅರಬಿ ತರಕಾರಿ ಮಾರ್ಕೆಟಿನದು, ಆದರೆ ಆ ಸುಳ್ಳು ತಿಳಿಯಲು ಅಷ್ಟು ಸಾಕಾಗಿತ್ತು. ಅವಳು ಮಧ್ಯೆ ನುಗ್ಗಿ, "ಶಹರ್! ಶಹರ್!" ಎಂದು, ತಿಂಗಳೇ ಆಯಿತೆಂದು ಗಂಡನ ಕಡೆ ಬೆರಳು ತೋರಿಸಿ ಕೂಗಿದಳು. ಡಾಕ್ಟರು ಗಂಡನನ್ನು ಬಿಟ್ಟು ಹೆಂಡತಿಯ ಮಾತು ಬರೆದುಕೊಂಡರು. ಆಮೇಲೆ ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ಝುಹೈರನನ್ನು ಕರೆದು ತುಂಬ ಹೊತ್ತು ಮಾತಾಡಿದರು.

ಝುಹೈರ್ ಬಂದು ನೆಲ ನೋಡುತ್ತ, "ಸ್ವಲ್ಪ ಕ್ಲೀನ್ ಮಾಡ್ಲಿಕ್ಕಿದೆಯಂತೆ," ಎಂದ.

"ನೀವೂ ಶುರುಮಾಡಿದ್ರಾ? ಇದ್ದದ್ದು ಇದ್ದ ಹಾಗೆ ಹೇಳಿ!"

"ಹೆಬ್ಬೆರಳು ತೆಗೀಬೇಕಂತೆ. ಈಗಲೇ. ಇನ್ನು ತಡ ಮಾಡಿದ್ರೆ ಪಾದವೇ ಹೋಗ್ತದಂತೆ. ಮೊದಲೇ ಬಂದಿದ್ರೆ..."

ನರ್ಸುಗಳು ಮೊಹಿದ್ದೀನನನ್ನು ಗಾಲಿಮಂಚಕ್ಕೆ ಏರಿಸಿದರು. ಹಸಿರು ಅಂಗಿಯಲ್ಲಿ ಅವನು ಚಿಕ್ಕವನಾಗಿ ಕಾಣುತ್ತಿದ್ದ. ಹಲೀಮತ್ ಜೊತೆಗೇ ನಡೆದಳು. ಆಪರೇಶನ್ ಕೋಣೆ ಹತ್ತಿರ ಬಂದಾಗ ಅವನು ಅವಳ ಕೈ ಹಿಡಿದ.

"ಹಲೀಮಾ, ನನಗೆ ಹೆದರಿಕೆ ಆಗ್ತದೆ."

ಮದುವೆಯಾದಂದಿನಿಂದ ಈ ಮನುಷ್ಯ ಇಂಥ ಒಂದು ಮಾತು ಅವಳಿಗೆ ಹೇಳಿದವನಲ್ಲ. ಊರಿನಲ್ಲಿ ಒಬ್ಬಳೇ ಇದ್ದ ಅಷ್ಟು ವರ್ಷವೂ ಅವನ ಕಾಗದಗಳಲ್ಲಿ ಅವಳು ಓದಿದ್ದು, ಇಲ್ಲಿ ಎಲ್ಲ ಸುಖ ಎಂದೇ. ಅವಳಿಗೆ ಮಧ್ಯಾಹ್ನದಿಂದ ಬಂದಿದ್ದ ಸಿಟ್ಟೆಲ್ಲ ಸೇರಿದರೂ ಈಗ ಬಂದ ಸಿಟ್ಟಿಗೆ ಸಮ ಇರಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಲು ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಇಷ್ಟು ಹೇಳ್ಲಿಕ್ಕೆ ನಿಮಗೆ ಒಂದು ಬೆರಳೇ ಹೋಗ್ಬೇಕಾಯ್ತಾ ಮಾರಾಯ್ರೆ?" ಎಂದಳು ಹಲೀಮತ್.