ಅಕ್ಕನ ಪಟ್ಟು

ಅಕ್ಕ ಚಿಕ್ಕಂದಿನಿಂದ ಗರಡಿಯ ನೆಲ ಸವೆಸಿದವಳು. ಹಗಲೆಲ್ಲ ಟೈಲರ್ ಅಂಗಡಿಯಲ್ಲಿ ಹೊಲಿಗೆ, ಸಂಜೆಯಾದರೆ ಗರಡಿ. ಹಳೆಯ ಪಟ್ಟುಗಳೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಮೇಷ್ಟ್ರು ಬರುವುದು ತಡವಾದರೆ ಪಾಠ ಹೇಳುವವಳೂ ಅವಳೇ. ತಂಗಿಗೆ ಚೆಲುವಿತ್ತು, ಒಳ್ಳೆಯ ಕೆಲಸವಿತ್ತು, ಕಲ್ಲನ್ನೂ ನಗಿಸುವ ಬಾಯಿತ್ತು. ಗರಡಿಯೊಂದಾದರೂ ತನ್ನ ಪಾಲಿಗಿದೆಯಲ್ಲ ಎಂದು ಅಕ್ಕ ಸಮಾಧಾನ ಮಾಡಿಕೊಂಡಿದ್ದಳು.

ತಂಗಿ ಆಸ್ಪತ್ರೆಯಲ್ಲಿ ನರ್ಸ್. ಒಂದು ಮಧ್ಯಾಹ್ನ, ಅವಳು ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಅಕ್ಕ ವಾರ್ಡಿಗೆ ಹೋಗಿದ್ದಳು. ಆಗಲೇ ರೋಗಿಯೊಬ್ಬನ ಕಡೆಯವನು, ಚೆನ್ನಾಗಿ ಕುಡಿದಿದ್ದವನು, ಗ್ಲೂಕೋಸ್ ಸ್ಟ್ಯಾಂಡ್ ಎತ್ತಿಕೊಂಡು ಡಾಕ್ಟರ ಮೇಲೆ ನುಗ್ಗಿದ. ಅಕ್ಕನ ಕಾಲು ತಾನಾಗಿಯೇ ಮುಂದೆ ಬಂದು ಊರಿತು, ಕೈಗಳು ಎದೆಯ ಮಟ್ಟಕ್ಕೆ ಏರಿದವು. ಅಷ್ಟೇ. ಗರಡಿಯಲ್ಲಾದರೆ ಎದುರಾಳಿ ಮೊದಲು ಕೈಮುಗಿಯುತ್ತಿದ್ದ, ಯಾವ ಕಡೆಯಿಂದ ಹೊಡೆಯುತ್ತಾನೆಂದು ಗೊತ್ತಿರುತ್ತಿತ್ತು. ಇವನೋ ಬೊಬ್ಬೆ ಹಾಕುತ್ತ ಕಂಡಕಂಡ ಕಡೆ ಬೀಸುತ್ತಿದ್ದ. ಅಕ್ಕ ಗೊಂಬೆಯಂತೆ ನಿಂತೇ ಇದ್ದಳು. ತಂಗಿ ಮಂಚದ ಹೊದಿಕೆ ಎಳೆದು ಹಿಂದಿನಿಂದ ಅವನಿಗೆ ಮುಸುಕು ಹಾಕಿ, ಮೊಣಕಾಲಿನ ಸಂದಿಗೆ ಒದ್ದಳು. ಕೆಳಗೆ ಬಿದ್ದವನನ್ನು ಕಾವಲುಗಾರರು ಬಂದು ಅದುಮಿ ಹಿಡಿದರು.

"ಅಕ್ಕಾ, ಫೋಟೋ ತೆಗೆಸ್ಕೊಳ್ಳೋಕೆ ನಿಂತ ಹಾಗೆ ನಿಂತಿದ್ಯಲ್ಲೇ!" ತಂಗಿ ನಕ್ಕಳು. ಮಾತಿನಲ್ಲಿ ಕೊಂಕಿರಲಿಲ್ಲ. ಅಕ್ಕನಿಗೆ ಅದಕ್ಕೇ ಇನ್ನಷ್ಟು ಉರಿಯಿತು.

ಸುದ್ದಿ ಮೇಷ್ಟ್ರ ಕಿವಿಗೂ ಬಿತ್ತು. "ನಿನ್ನ ತಂಗೀನ ಒಂದಿನ ಕರ್ಕೊಂಡು ಬಾ. ನಮ್ಮವ್ರಿಗೆ ನಾಲ್ಕು ಮಾತು ಹೇಳ್ಲಿ" ಎಂದರು.

ತಂಗಿ ಬಂದಳು. ವಾರ್ಡಿನ ಕಥೆಯನ್ನು ಬಣ್ಣ ಕಟ್ಟಿ ಹೇಳಿದಳು. ಅಕ್ಕ ನಿಂತಿದ್ದ ಭಂಗಿಯನ್ನೂ ಮಾಡಿ ತೋರಿಸಿದಳು. ಅಕ್ಕನ ಕೈಯಲ್ಲೇ ಪಳಗಿದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾರಾದ್ರೂ ಕೈ ಹಿಡಿದ್ರೆ ಏನ್ ಮಾಡ್ತೀಯಮ್ಮ, ತೋರ್ಸು" ಎಂದ ಮೇಷ್ಟ್ರು ಅಕ್ಕನ ಕಡೆ ತಿರುಗಿದರು. "ನೀನೇ ಹಿಡಿ."

ಅಕ್ಕ ಹಿಡಿದಳು. ತೋರಿಕೆಗೆ ಹಿಡಿಯಲಿಲ್ಲ. ತಂಗಿ ನಗುನಗುತ್ತಲೇ ಕೊಸರಿದಳು, ಆಮೇಲೆ ಪರಚಿದಳು, ಕಾಲು ತುಳಿದಳು. ಅಕ್ಕ ಜಗ್ಗಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಕರೆಯದೆಯೇ ಕೈಗೆ ಬಂತು. ತಂಗಿ ಮಂಡಿಯೂರಿ ಕುಸಿದಳು.

"ಅಕ್ಕಾ, ನೋಯ್ತಿದೆ, ಬಿಡೇ!"

ಅಕ್ಕ ಅವಳ ಮಣಿಕಟ್ಟನ್ನು ಇನ್ನೂ ಸ್ವಲ್ಪ ತಿರುವಿದಳು. ಮೇಷ್ಟ್ರೇ ಓಡಿಬಂದು ಬಿಡಿಸಬೇಕಾಯಿತು.

"ನಾನು ಕಲ್ತಿದ್ದು ಕೆಲ್ಸಕ್ಕೆ ಬರುತ್ತೆ ಅಂತ ಈಗ್ಲಾದ್ರೂ ಒಪ್ತೀರಾ?" ಅಕ್ಕ ಏದುಸಿರು ಬಿಡುತ್ತ ಕೇಳಿದಳು.

"ಬರುತ್ತೆ. ಆ ಕುಡುಕನ ಮುಂದೆ ಬರ್ಲಿಲ್ಲ, ಒಡಹುಟ್ಟಿದವಳ ಮೇಲೆ ಬಂತು." ಮೇಷ್ಟ್ರು ತಂಗಿಯ ಕೈ ಒತ್ತಿ ನೋಡುತ್ತಿದ್ದರು. "ನಾಳೆಯಿಂದ ನೀನು ಪಾಠ ಹೇಳೋದು ಬೇಡ. ಹಿಂದಿನ ಸಾಲಲ್ಲಿ ನಿಂತ್ಕೋ."

ಮನೆಗೆ ಬಂದಾಗ ತಂಗಿಯ ಮಣಿಕಟ್ಟು ಊದಿಕೊಂಡಿತ್ತು.

"ಅಯ್ಯೋ, ಕೈಗೇನಾಯ್ತೇ?" ಅಮ್ಮ ಗಾಬರಿಯಾದಳು.

"ಮೆಟ್ಟಿಲ ಮೇಲೆ ಜಾರಿದೆ ಕಣಮ್ಮ. ಅಕ್ಕ ಹಿಡ್ಕೊಂಡ್ಳು, ಇಲ್ದಿದ್ರೆ ಮೂಳೆ ಮುರೀತಿತ್ತು."

ಅಮ್ಮ ಅಕ್ಕನ ಬೆನ್ನು ಸವರಿ ಒಳಗೆ ಹೋದಳು. ಅಕ್ಕ ತಣ್ಣೀರಲ್ಲಿ ಬಟ್ಟೆ ಅದ್ದಿ ತಂದು ತಂಗಿಯ ಕೈಗೆ ಸುತ್ತತೊಡಗಿದಳು. ಕ್ಷಮಿಸು ಎನ್ನಬೇಕೆಂದುಕೊಂಡವಳು ಬಟ್ಟೆಯ ತುದಿಯನ್ನಷ್ಟೇ ಸಿಕ್ಕಿಸಿದಳು. ಇಷ್ಟಾದ ಮೇಲೂ ತನ್ನ ಮಾನ ಕಾಯುವ ಮನಸ್ಸು ಇವಳಿಗೆ ಎಲ್ಲಿಂದ ಬಂತು, ತನಗೇಕೆ ಬರಲಿಲ್ಲ ಎಂದು ಅವಳಿಗೆ ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.