ಉಮ್ಮತ್ತೂರಿನ ಕಲ್ಲಿನ ತಾರೀಕು

ಉಮ್ಮತ್ತೂರಿನ ಸಿಪಾಯಿ ನಂಜಯ್ಯನ ಸಮಾಧಿಯೊಳಗೆ ಹೆಣವಿಲ್ಲ. ೧೯೭೧ರ ಯುದ್ಧದಲ್ಲಿ ಸತ್ತವನನ್ನು ಗಡಿಯಲ್ಲೇ ಸುಟ್ಟರು. ಊರಿಗೆ ಬಂದದ್ದು ಒಂದು ತಂತಿ, ಎರಡು ತಿಂಗಳ ನಂತರ ಒಂದು ಟ್ರಂಕು. ಹೂಳುವ ಪದ್ಧತಿಯ ಮನೆತನ. ಅಪ್ಪ ಗುರುಮಲ್ಲಯ್ಯ ಟ್ರಂಕಿನಲ್ಲಿದ್ದ ಸಮವಸ್ತ್ರವನ್ನೇ ಹೊಲದ ಅಂಚಿನಲ್ಲಿ ಮಣ್ಣು ಮಾಡಿ, ಮೇಲೊಂದು ಕಲ್ಲು ನಿಲ್ಲಿಸಿದ. ಅದರಲ್ಲಿ ಹೆಸರು, ನಂಬರು, ತಾರೀಕು: ೧೧-೧೨-೧೯೭೧.

ನಂಜಯ್ಯನ ಹೆಂಡತಿ ಪುಟ್ಟಸಿದ್ದಮ್ಮನಿಗೆ ಓದು ಬಾರದು. ಐವತ್ತು ವರ್ಷಕ್ಕೂ ಮೇಲಾಗಿ ಅವಳು ಪ್ರತಿ ಡಿಸೆಂಬರ್ ಹನ್ನೊಂದರಂದು ಬಂದು ಕಲ್ಲಿಗೆ ಎಣ್ಣೆ ಹಚ್ಚಿ, ತಾರೀಕಿನ ಮೊದಲ ಎರಡು ಅಂಕಿಗಳನ್ನು ಬೆರಳಿನಿಂದ ತಡವಿ, ಗುಂಡನೆಯ ಆ ಜೋಡಿಗೆ ವಿಭೂತಿ ತುಂಬುತ್ತಿದ್ದಳು.

ಎಣ್ಣೆ ಮತ್ತು ದೂಳು ಸೇರಿ ಕಲ್ಲು ಕಪ್ಪಾಗಿತ್ತು. ತಾಲ್ಲೂಕಿನ ಸೈನಿಕರ ಸಮಾಧಿಗಳನ್ನು ತೊಳೆದು ದುರಸ್ತಿ ಮಾಡಲು ಹೊರಟ ಮಾಜಿ ಸೈನಿಕರ ಒಂದು ಸಣ್ಣ ತಂಡ ಈ ಕಲ್ಲನ್ನೂ ಪಟ್ಟಿಗೆ ಸೇರಿಸಿತು. ಮನೆಯವರನ್ನು ಕೇಳಿ, ಹನ್ನೊಂದರ ಬೆಳಿಗ್ಗೆಗೆ ಕಾರ್ಯಕ್ರಮ ಗೊತ್ತಾಯಿತು. ತಂಡದ ಮುಂದಾಳು ಶಿವಮೂರ್ತಿ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಹವಾಲ್ದಾರ್ ಕ್ಲರ್ಕ್ ಆಗಿದ್ದವನು. ರೆಜಿಮೆಂಟಿಗೆ ಅವನು ಬರೆದ ಪತ್ರಕ್ಕೆ ಉತ್ತರ ಒಂಬತ್ತರಂದು ಬಂತು. ಅದರ ಪ್ರಕಾರ ನಂಜಯ್ಯ ಸತ್ತದ್ದು ಡಿಸೆಂಬರ್ ಐದರಂದು.

ಅಂದೇ ಅವನು ಶಾಂತರಾಜುವನ್ನು ಹೊಲಕ್ಕೆ ಕರೆದೊಯ್ದ. ಶಾಂತರಾಜುವೂ ಮಾಜಿ ಸೈನಿಕ. ಚಾಮರಾಜನಗರದಲ್ಲಿ ಕಲ್ಲು ಕೆತ್ತುವ ಅಂಗಡಿ ಇಟ್ಟಿದ್ದ.

"ನಾರಿನ ಬ್ರಶ್ಶು, ಸೋಪಿನ ನೀರು ಸಾಕು ಕಣಣ್ಣ," ಎಂದ ಶಾಂತರಾಜು. "ಮಿಷನ್ ಮುಟ್ಟುಸುದ್ರೆ ಅಕ್ಸರ ಎಲ್ಲ ಓಗ್ಬುಡ್ತವೆ."

"ಓದ್ರೆ ಓಗ್ಲಿ. ತಾರೀಕೇ ತಪ್ಪು ಕಣ್ಲಾ. ಆರು ದಿನ ವ್ಯತ್ಯಾಸ!"

"ಮನೆಯೋರ್ನ ಒಂದ್ ಮಾತು ಕೇಳುದ್ಯಾ?"

"ರೆಕಾರ್ಡ್ ಕೈಲಿರೋವಾಗ ಕೇಳದೇನ್ಲಾ?"

"ನೀನು ಕ್ಲರ್ಕು ಬುಡು. ಯಮ ಬಂದ್ರೂ ಎರಡು ಕಾಪಿ ತಕ್ಕ ಬಾ ಅಂತೀಯ."

ಶಾಂತರಾಜು ಕಲ್ಲಿನ ಮುಖವನ್ನು ಉಜ್ಜಿ ನುಣುಪು ಮಾಡಿದ. ಹಳೆಯ ಅಕ್ಷರಗಳೆಲ್ಲ ಬೂದು ಹುಡಿಯಾಗಿ ಉದುರಿದವು. ಮರುದಿನ ಸಂಜೆಯ ಹೊತ್ತಿಗೆ ಕಲ್ಲು ಕನ್ನಡಿಯಂತಿತ್ತು. ಹೆಸರು, ನಂಬರು ಮತ್ತೆ ಕೆತ್ತಿದ್ದವು. ಹೊಸ ತಾರೀಕು: ೫-೧೨-೧೯೭೧.

ಆಗಲೇ ನಂಜಯ್ಯನ ತಂಗಿ ಮಂಗಳಗೌರಿ ಗುಂಡ್ಲುಪೇಟೆಯಿಂದ ಬಂದಿಳಿದದ್ದು. ಎಪ್ಪತ್ತು ದಾಟಿದವಳು, ನಾಲ್ಕನೇ ಕ್ಲಾಸು ಓದಿದವಳು. ಕಲ್ಲು ನೋಡಿ ನಿಂತುಬಿಟ್ಟಳು.

"ಇದ ಯಾರು ಮಾಡುದ್ದು?"

"ನಾನೇ ಅವ್ವ," ಎಂದ ಶಿವಮೂರ್ತಿ, ಸ್ವಲ್ಪ ಹೆಮ್ಮೆಯಿಂದಲೇ. "ತಾರೀಕು ತಪ್ಪಿತ್ತು, ಸರಿ ಮಾಡ್ದೆ."

"ತಪ್ಪಲ್ಲ ಕಣಪ್ಪ. ನಮ್ಮಪ್ಪ ಬೇಕೂಂತ್ಲೇ ಅಂಗೆ ಕೆತ್ಸಿದ್ದು."

ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ತಂತಿ ಬಂದದ್ದು ಹನ್ನೊಂದರಂದು. ಮಂಗಳಗೌರಿಯ ಮದುವೆ ನಡೆದದ್ದು ಎಂಟರಂದು. ಹತ್ತೊಂಬತ್ತು ವರ್ಷದ ಅತ್ತಿಗೆ ಪುಟ್ಟಸಿದ್ದಮ್ಮ ತಲೆ ತುಂಬ ಹೂ ಮುಡಿದು, ಎಲ್ಲರಿಗಿಂತ ಮೊದಲು ಮದುಮಗಳಿಗೆ ಅರಿಸಿನ ಹಚ್ಚಿದ್ದಳು. ತಂತಿಯಲ್ಲಿದ್ದ ತಾರೀಕನ್ನು ಗುರುಮಲ್ಲಯ್ಯ ಪೋಸ್ಟ್ ಮಾಸ್ಟರರಿಂದ ಗುಟ್ಟಾಗಿ ಓದಿಸಿಕೊಂಡು, ಯಾರಿಗೂ ಹೇಳಲಿಲ್ಲ. ಸಾಯುವ ಮುಂಚೆ ಮಂಗಳಗೌರಿಗೆ ಮಾತ್ರ ಹೇಳಿದ.

"ಗಂಡ ಸತ್ತಿದ್ರೂ ಹೂ ಮುಡ್ದು ಮದ್ವೇಲಿ ಓಡಾಡುದ್ಲು ಅನ್ನೋರು ಆಗಿನ ಜನ. ಜನ ಇರ್ಲಿ, ಅವಳೇ ಅಂದ್ಕೊಳ್ಳೋಳು. ನನ್ ಗಂಡ ಮೂರೇ ವರ್ಷುಕ್ಕೆ ಓಗ್ಬುಟ್ಟ. ಅರಿಸ್ನ ಅಚ್ಚುದ್ ನನ್ ಕೈಯಿಂದ್ಲೇ ಅಂತ ಅದ್ನೂ ತನ್ ಮ್ಯಾಲೇ ಆಕೊಳ್ಳೋಳು. ಈ ವಯಸ್ನಲ್ಲಿ ಅತ್ಗೆಗೆ ಇದು ಬೇಕಿತ್ತಾ?"

ಶಿವಮೂರ್ತಿಗೆ ಶಾಂತರಾಜುವಿನ ಪ್ರಶ್ನೆ ನೆನಪಾಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಶಾಂತರಾಜು ಆಗಲೇ ಮಿಷನ್ ಕಟ್ಟಿಕೊಂಡು ಹೊರಟುಹೋಗಿದ್ದ. ಫೋನು ಮಾಡಿದರೆ, ನಾಳೆ ಕಾರ್ಯಕ್ರಮಕ್ಕೆ ಮುಂಚೆ ಏನೂ ಆಗುವುದಿಲ್ಲ, ಅಂಕಿ ಆಳಕ್ಕೆ ಇಳಿದಿದೆ, ಕಲ್ಲನ್ನು ಪೂರ್ತಿ ಮತ್ತೆ ಉಜ್ಜಬೇಕು ಎಂದ. ಕೊನೆಗೆ ದಪ್ಪನೆಯ ಸೇವಂತಿಗೆ ಹಾರ ಹಾಕಿ ಮುಚ್ಚುವುದು ಎಂದಾಯಿತು.

ಬೆಳಿಗ್ಗೆ ನಲವತ್ತು ಜನ ಸೇರಿದ್ದರು. ಪುಟ್ಟಸಿದ್ದಮ್ಮ ನೇರ ಕಲ್ಲಿನ ಬಳಿ ಬಂದು, ಹಾರವನ್ನು ಪಕ್ಕಕ್ಕೆ ಸರಿಸಿ, ಬೆರಳಿಟ್ಟಳು. ಬೆರಳು ಹಿಂದೆ ಮುಂದೆ ಹುಡುಕಿತು.

"ಜೋಡಿ ಎಲ್ಲಪ್ಪ? ಇದೆಷ್ಟು?"

"ಐದು, ಅವ್ವ," ಎಂದ ಶಿವಮೂರ್ತಿ.

"ಐದಾ? ಯಾಕೆ ಐದು?"

"ಅದು ರೆಕಾರ್ಡಲ್ಲಿ..." ಎಂದು ಶಾಂತರಾಜು ಬಾಯಿ ತೆರೆದ. ಮಂಗಳಗೌರಿ ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ.

"ಸುಮ್ಕಿರ್ಲಾ," ಎಂದು ಶಿವಮೂರ್ತಿ ತಡೆದ. ರೆಜಿಮೆಂಟಿನ ಪತ್ರ ಅವನ ಜೇಬಿನಲ್ಲೇ ಇತ್ತು. "ನಾನೇ ತಪ್ಪು ಬರ್ಕೊಟ್ಟೆ ಅವ್ವ. ಕನ್ನಡ್ಕ ಇರ್ನಿಲ್ಲ."

ಹಿಂದಿನಿಂದ ಯಾರೋ ನಕ್ಕರು. "ಅವಾಲ್ದಾರ್ರಿಗೆ ಎಣಿಕೆ ಬರಕಿಲ್ವಾ!" ಎಂದ ಇನ್ನೊಬ್ಬ.

"ಕಣ್ಣು ಕಾಣ್ದಿದ್ರೆ ಈ ಕೆಲ್ಸುಕ್ಕೆ ಯಾಕಪ್ಪ ಕೈ ಆಕುದ್ದೆ?" ಪುಟ್ಟಸಿದ್ದಮ್ಮನ ದನಿ ಏರಿತು. "ಓದು ಬಾರ್ದೋಳು ನಾನೇ ಇಷ್ಟು ವರ್ಷ ಆ ದಿನ ಮರೀಲಿಲ್ಲ. ನೀ ಎಂಗೆ ಮರ್ತೆ?"

"ಇವತ್ತೇ ಸರಿ ಮಾಡುಸ್ತೀನಿ ಅವ್ವ."

"ಸರಿ ಮಾಡುಸ್ತೀಯ. ನಮ್ ಮಾವ ಕೆತ್ಸಿದ್ದ ಎಲ್ಲಿಂದ ತಂದೀಯ?"

ಶಿವಮೂರ್ತಿ ಬಗ್ಗಿ, ಪಕ್ಕಕ್ಕೆ ಸರಿದಿದ್ದ ಹಾರವನ್ನು ನೇರ ಮಾಡಿದ.

ಭಾಷಣ, ರಾಷ್ಟ್ರಗೀತೆ ಮುಗಿದು ಜನ ಚದುರಿದರು. ಮಂಗಳಗೌರಿ ಅವನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತಳು.

"ಒಳ್ಳೇದು ಮಾಡ್ದೆ ಅನ್ನಕಿಲ್ಲ ಕಣಪ್ಪ. ಕೆಟ್ಟದ್ದು ಇಲ್ಲಿಗೆ ನಿಂತ್ಕತು, ಅಷ್ಟೇಯ."

ಶಾಂತರಾಜು ಮಿಷನ್ ಹಚ್ಚಿದ. ಐದನ್ನು ಅಳಿಸಲು ನಂಜಯ್ಯನ ಹೆಸರೂ ಮತ್ತೊಮ್ಮೆ ಹುಡಿಯಾಗಬೇಕಾಯಿತು. ಶಿವಮೂರ್ತಿ ಚೊಂಬು ಹಿಡಿದು ಕಲ್ಲಿಗೆ ನೀರು ಬಿಡುತ್ತ ನಿಂತ. ಮತ್ತೆ ತಪ್ಪಾಗದಂತೆ ನೋಡಿಕೊಳ್ಳಲು ಪುಟ್ಟಸಿದ್ದಮ್ಮ ಬದುವಿನ ಮೇಲೆ ಕುಳಿತೇ ಇದ್ದಳು. ದಾರಿಯಲ್ಲಿ ಹೋಗುವವರು ಏನು ಕೆಲಸವೆಂದು ಕೇಳಿದಾಗಲೆಲ್ಲ ಕೈ ತೋರಿಸಿ ಹೇಳಿದಳು: "ಇವ್ನೇ ಕಣ, ತಾರೀಕು ಕೆಡಿಸ್ದೋನು."

ಪ್ರತಿ ಸಲವೂ ಶಿವಮೂರ್ತಿ ತಲೆ ಎತ್ತದೆ "ಹೌದು" ಎಂದ.