ಗ್ಯಾಲರಿಯ ಶಟ್ಟೆಪ್ಪ

ಒಂದು ಫುಟ್‌ಬಾಲ್ ಸಿನಿಮಾದ ಮೊದಲ ಭಾಗದ ಚಿತ್ರೀಕರಣ ಸವದತ್ತಿಯಲ್ಲಿ ನಡೆದಾಗ ಹೂಲಿಯ ಶಟ್ಟೆಪ್ಪ ಹಳದಿ ರುಮಾಲು ಸುತ್ತಿಕೊಂಡು ಗ್ಯಾಲರಿಯ ಪ್ರೇಕ್ಷಕರ ನಡುವೆ ಕುಳಿತು ಚಪ್ಪಾಳೆ ತಟ್ಟಿದ್ದ. ಎರಡನೆಯ ಭಾಗಕ್ಕೆ ಅವನನ್ನು ಯಾರೂ ಕರೆಯಲಿಲ್ಲ. ಆದರೂ ಅದನ್ನು ನೋಡಲು ಹೆಂಡತಿ ಮರೆವ್ವನ ಜೊತೆ ಬೈಲಹೊಂಗಲದ ಟಾಕೀಸಿಗೆ ಹೋದ.

ಕಥೆ ಎಂಬುದೇ ಇರಲಿಲ್ಲ. ಗೋಲು ಹೊಡೆಯಲು ಮೇಲೆ ಹಾರಿದ ನಾಯಕ, ಸತ್ತ ತಾಯಿಯನ್ನು ನೆನೆದು ಒಂದು ಪೂರ್ತಿ ಹಾಡು ಮುಗಿಸಿಯೇ ಕೆಳಗಿಳಿದ. ಈ ಸಲ ಜನರನ್ನು ಕರೆಸುವ ಗೋಜೂ ಬೇಡವೆಂದು, ಮೊದಲ ಭಾಗದ ಶಟ್ಟೆಪ್ಪನನ್ನೇ ಕಂಪ್ಯೂಟರಿನಲ್ಲಿ ನಕಲು ಮಾಡಿ ಗ್ಯಾಲರಿ ತುಂಬಿಸಿದ್ದರು. ಎಲ್ಲಿ ನೋಡಿದರೂ ಅದೇ ಹಳದಿ ರುಮಾಲು, ಅದೇ ಚಪ್ಪಾಳೆ.

"ಅಲ್ಲಿ ಅಷ್ಟೂ ಮಂದಿ ನೀವ ಚಪ್ಪಾಳಿ ಹೊಡ್ಯಾಕತ್ತೀರಿ, ಇಲ್ಲಿ ಯಾಕ ಸುಮ್ನ ಕುಂತೀರಿ?" ಎಂದಳು ಮರೆವ್ವ.

"ಆ ಮಂದಿ ಇನ್ನಾ ಈ ಸಿನಿಮಾ ನೋಡಿಲ್ಲ," ಎಂದ ಶಟ್ಟೆಪ್ಪ.